ಭಾನುವಾರದ ಆಟ: ಇದು ಯಾವ ಸಾಮಾನು?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ರಿಂದ 7ರವರೆಗೆ ಗುಂಪಿನಲ್ಲಿ ಹಳೇ ಮನೆ ಸಾಮಾನು ಗುರುತಿಸುವ ಆಟ ಇದೆ. ಮೈಸೂರಿನವರು, ಮಂಡ್ಯ ಕಡೆಯವರು ಎಲ್ಲರೂ ಸೇರಿ.

ಫೋಟೋ ಶನಿವಾರ ರಾತ್ರಿ 9ರೊಳಗೆ ನನಗೆ ಮಾತ್ರ ಕಳಿಸಿ, ಗುಂಪಿಗೆ ಹಾಕಬೇಡಿ. ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಡಲೇಬೇಕು. ಕಾಳು ಅಳೆಯುವ ಸೇರು, ಅಚ್ಚೇರು (ಅರ್ಧ ಸೇರು), ಪಾವು ಮೂರೂ ನೋಡಲು ಒಂದೇ ಥರ. ಗಾತ್ರ ತಿಳಿಯದಿದ್ದರೆ ಸೇರು ಯಾವುದು, ಅದರ ಕಾಲು ಭಾಗದ ಪಾವು ಯಾವುದು ಅಂತ ಹೇಳಲಾಗದು. ಹಿತ್ತಾಳೆಗೆ ಫ್ಲ್ಯಾಶ್ ಬೇಡ, ಹೊಳಪಿಗೆ ಅಂಚೇ ಕಾಣುವುದಿಲ್ಲ. ಜಗಲಿಯ ನೆರಳಲ್ಲಿ ತೆಗೆಯಿರಿ. ಈಳಿಗೆ ಮಣೆ, ಒನಕೆ ಬೇಡ, ನೋಡಿದ ಕೂಡಲೇ ಗೊತ್ತಾಗುತ್ತೆ. ಶ್ಯಾವಿಗೆ ಒರಳಿನ ಬಿಲ್ಲೆ, ಬೀಸುವ ಕಲ್ಲಿನ ಗೂಟ, ಇಂಥ ಬಿಡಿಭಾಗವಾದರೆ ಆಟ ರಂಗೇರುತ್ತೆ.

ಉತ್ತರವನ್ನು ಆಟದ ವೇಳೆ ಗುಂಪಿನಲ್ಲಿ ಬರುವ ಆಯಾ ಫೋಟೋಗೇ ರಿಪ್ಲೈ ಮಾಡಿ; ಇಲ್ಲದಿದ್ದರೆ ಯಾವುದಕ್ಕೆ ಹೇಳಿದ್ದೆಂದು ಗೊಂದಲ. ಒಬ್ಬರಿಗೆ ಒಂದೇ ಊಹೆ, ಎಡಿಟ್ ಮಾಡಿದ್ದು ಲೆಕ್ಕಕ್ಕಿಲ್ಲ. ಹೆಸರಿನ ಜೊತೆ ಬಳಕೆಯನ್ನೂ ಬರೆಯಿರಿ. ಗೂಗಲ್ ಲೆನ್ಸ್ ದಯವಿಟ್ಟು ಬೇಡ. ಮನೆಯ ಅಜ್ಜಿಯರನ್ನು ಕೇಳಬಹುದು, ಕೇಳಲೇಬೇಕು.

ಸಾಮಾನು ಇರುವವರು ಶುಕ್ರವಾರದೊಳಗೆ ಇಲ್ಲೇ "ಇದೆ" ಅಂತ ತಿಳಿಸಿ. ಎಷ್ಟು ಸುತ್ತು ಇಡಬೇಕೆಂದು ಅದರ ಮೇಲೆ ತೀರ್ಮಾನ ಮಾಡುತ್ತೇನೆ.