ರೋಗಿಯ ಮಾತು ರೋಗಿಯ ಬಾಯಿಂದಲೇ ಬರಲಿ

ಮಾನ್ಯ ಸಂಪಾದಕರೇ,

ದೇಶದ ಮೊದಲ ಮನೋವಿಶ್ಲೇಷಕ (ರೋಗಿಯನ್ನು ಮಾತಾಡಿಸಿ ಮನಸ್ಸಿನ ತೊಂದರೆ ಬಿಡಿಸುವವರು) ಡಾ. ಗಿರೀಂದ್ರಶೇಖರ ಬೋಸ್ (1887–1953) ಅವರ ಹೆಸರು ನಮ್ಮ ಭಾಗದಲ್ಲಿ ಕೇಳಿದವರು ಕಡಿಮೆ. 1910ರಲ್ಲಿ ವೈದ್ಯರಾದ ಅವರು 1922ರಲ್ಲಿ ಕಲ್ಕತ್ತೆಯ ತಮ್ಮ ಮನೆಯಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಈ ಪದ್ಧತಿಯ ಜನಕ, ವಿಯೆನ್ನಾದ ಫ್ರಾಯ್ಡರೊಂದಿಗೆ ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಸಿದರೂ ಒಮ್ಮೆಯೂ ಭೇಟಿಯಾಗಲಿಲ್ಲ. 1931ರಲ್ಲಿ ಸಂಘ ಕಳಿಸಿದ ದಂತದ ವಿಷ್ಣು ವಿಗ್ರಹ ಫ್ರಾಯ್ಡರ ಬರೆಯುವ ಮೇಜಿನ ಮೇಲಿರುತ್ತಿತ್ತು. ಆದರೆ ಬೋಸರ ದೊಡ್ಡ ಕೆಲಸ 1933ರದು. ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿನ ಸಾಮಾನ್ಯ ಆಸ್ಪತ್ರೆಯಲ್ಲೇ ಮನೋರೋಗಿಗಳಿಗೆ ಹೊರರೋಗಿ ವಿಭಾಗ ತೆರೆದರು. ಜ್ವರ, ಕೆಮ್ಮು ಎಂದು ಬರುವ ಜಾಗಕ್ಕೇ ಮನಸ್ಸು ಕೆಟ್ಟವರೂ ಬರುವಂತಾಯಿತು.

ಕಲಬುರಗಿ, ಯಾದಗಿರಿಯ ತಾಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯದ ಮಂಗಳವಾರದ ಕ್ಲಿನಿಕ್ಕಿಗೂ ಅದೇ ಉದ್ದೇಶ. ಕೊರತೆಯಿರುವುದು ಭಾಷೆಯಲ್ಲಿ. ರೋಗಿ ಆಡುವುದು ದಖನಿ (ನಮ್ಮ ಕಡೆಯ ಉರ್ದು), ಲಂಬಾಣಿ, ತೆಲುಗು ಅಥವಾ ನಮ್ಮ ಕಡೆಯ ಕನ್ನಡ. ವೈದ್ಯರು ಬೇರೆ ಕಡೆಯವರಾದರೆ ಜೊತೆಗೆ ಬಂದ ನಂಟರೇ ದುಭಾಷಿ. "ದಿಲ್ ಘಬ್ರಾರಾ" (ಮನಸ್ಸಿಗೆ ಗಾಬರಿ ಆಗ್ತದ) ಎಂದದ್ದು "ಎದಿ ತ್ರಾಸ" ಆಗುತ್ತದೆ. ಹೃದಯದ ಇಸಿಜಿ ಮಾಡಿ, ಸರಿಯಿದೆ ಎಂದು ಕಳಿಸುತ್ತಾರೆ. "ತಲ್ಯಾಗ ಹುಳ ಹರದಂಗ ಆಗ್ತದ" ಎಂಬುದು ತಲೆನೋವಾಗಿ ನೋವಿನ ಗುಳಿಗೆ ಸಿಗುತ್ತದೆ. ಎಲ್ಲಕ್ಕಿಂತ ಅಪಾಯ, "ಜೀವಾನೇ ಸಾಕಾಗ್ಯಾದ" ಎಂಬ ಮಾತು "ಸುಸ್ತು" ಆಗಿ ಶಕ್ತಿ ಗುಳಿಗೆಯಲ್ಲಿ ಮುಗಿಯುವುದು. ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತಿದ್ದರೆ ಸೊಸೆ ಅಷ್ಟನ್ನೂ ಹೇಳುವುದಿಲ್ಲ.

ಸರಿಪಡಿಸಲು ದೊಡ್ಡ ಖರ್ಚಿಲ್ಲ. ದುಭಾಷಿ ನಂಟರಾಗಿರಬಾರದು, ತರಬೇತಿ ಪಡೆದ ಆಸ್ಪತ್ರೆ ಸಿಬ್ಬಂದಿಯಾಗಲಿ. ಅವರು ರೋಗಿಯ ಪಕ್ಕಕ್ಕೆ ತುಸು ಹಿಂದೆ ಕೂಡಬೇಕು, ಆಗ ರೋಗಿಯ ಕಣ್ಣು ವೈದ್ಯರ ಮೇಲಿರುತ್ತದೆ. ಎರಡೆರಡು ವಾಕ್ಯಕ್ಕೊಮ್ಮೆ, "ಇವರಿಗೆ ಹಿಂಗಂತ" ಅನ್ನದೆ "ನನಗೆ ಹಿಂಗ ಆಗ್ತದ" ಎಂದೇ ದಾಟಿಸಬೇಕು, ಸಾರಾಂಶ ಮಾಡಬಾರದು. ರೋಗಿ ಬಳಸಿದ ಪದವನ್ನೇ ಚೀಟಿಯಲ್ಲಿ ಬರೆದಿಟ್ಟರೆ ಮುಂದಿನ ಭೇಟಿಗೆ ಬೇರೆ ವೈದ್ಯರಿದ್ದರೂ ಎಳೆ ತಪ್ಪುವುದಿಲ್ಲ. "ಸಾಯಬೇಕು ಅನಸ್ತದೇನ್ರಿ?" ಎಂದು ನೇರ ಕೇಳಬೇಕು, ಕೇಳಿದ್ದರಿಂದ ಆ ವಿಚಾರ ಹೊಸದಾಗಿ ತಲೆಗೆ ಬರುವುದಿಲ್ಲ. ಹೌದೆಂದರೆ ಅಂದೇ ಮನೆಯವರನ್ನು ಕೂಡಿಸಿ, ಹತ್ತಿ-ತೊಗರಿಗೆ ತಂದಿಟ್ಟ ಕ್ರಿಮಿನಾಶಕಕ್ಕೆ ಬೀಗ ಹಾಕಿಸಬೇಕು, ಗುಳಿಗೆಯನ್ನು ಮನೆಯವರ ಕೈಗೇ ಕೊಡಬೇಕು. ನಿದ್ದೆ, ಊಟದ ವಿವರವನ್ನು ಮನೆಯವರಿಂದ ಕೇಳುವುದೂ ಅಗತ್ಯವೇ, ಆದರೆ ಬೇರೆಯಾಗಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಕಲಂ, ಚಿಕಿತ್ಸೆಯ ಮಾಹಿತಿಯನ್ನು ವ್ಯಕ್ತಿಗೆ ಅರ್ಥವಾಗುವ ಸರಳ ಭಾಷೆಯಲ್ಲೇ ಕೊಡಬೇಕು ಎನ್ನುತ್ತದೆ. ಎರಡೂ ಜಿಲ್ಲೆಗಳ ಆರೋಗ್ಯ ಅಧಿಕಾರಿಗಳು ಪ್ರತಿ ತಾಲೂಕು ಕ್ಲಿನಿಕ್ಕಿಗೆ ದಖನಿ ಮತ್ತು ಲಂಬಾಣಿ ಬಲ್ಲ ಒಬ್ಬೊಬ್ಬರನ್ನು, ಬಾಗಿಲು ಮುಚ್ಚಬಹುದಾದ ಒಂದು ಕೋಣೆಯನ್ನು ಗೊತ್ತುಮಾಡಲಿ. ಕ್ಲಿನಿಕ್ ಇಲ್ಲದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದೆಂದು ಓಪಿಡಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲಿ.

— ಮಾನಸಿಕ ಆರೋಗ್ಯ ಕಾರ್ಯಕರ್ತರು, ಯಾದಗಿರಿ