ಬಿರಡೆ ನಿಲ್ಲಿಸಿಕೊಟ್ಟವರಿಗೆ

ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿನ ಸಮಾಧಿ ದಿಬ್ಬದಲ್ಲಿ ಸಿಕ್ಕ ಲೈರ್ ಎಂಬ ಹಳೆಯ ತಂತಿವಾದ್ಯದ ಪ್ರತಿಕೃತಿ ಮಾಡಲು ಕೂತಿದ್ದ ನನಗೆ ಹೆಸರೂ ಹೇಳದೆ ಸಹಾಯ ಮಾಡಿ ಹೋದ ಹಿರಿಯರೇ, ತುಂಬಾ ಥ್ಯಾಂಕ್ಸ್. 1939ರಲ್ಲಿ ಆ ದಿಬ್ಬದಡಿ ಈ ವಾದ್ಯದ್ದು ಅಂತ ಸಿಕ್ಕಿದ್ದು ಹೆಚ್ಚಾಗಿ ಮೇಪಲ್ ಮರದ ತುಂಡುಗಳು. ಮೊದಲು ಅವನ್ನು ಹಾರ್ಪ್ ಅಂದುಕೊಂಡೇ ಜೋಡಿಸಿದ್ದರು! ಹಾಗಾಗಿ ಇದನ್ನು ಮಾಡುವವರಿಗೆ ಊಹೆಯ ಕೆಲಸವೇ ಜಾಸ್ತಿ.

ಆರು ತಂತಿ, ಅವನ್ನು ಬಿಗಿ ಮಾಡಲು ಆರು ಬಿರಡೆ. ಶ್ರುತಿ ಮಾಡಿದ ಕೂಡಲೇ ಕರುಳಿನ ತಂತಿಯ ಎಳೆತಕ್ಕೆ ಬಿರಡೆ ಜಾರುತ್ತಿತ್ತು. ನೀವು ಅದನ್ನು ತೂತಿನಲ್ಲಿ ಸುಮ್ನೆ ತಿರುಗಿಸಿ ಹೊರತೆಗೆದಿರಿ. ಹೊಳಪು ಒಂದೇ ಕಡೆ ಬಿದ್ದಿತ್ತು. ‘ಅಲ್ಲಷ್ಟೇ ತಾಗ್ತಿದೆ, ನೋಡಿ’ ಎಂದಿರಿ. ಅಲ್ಲೇ ಸ್ವಲ್ಪ ಕೆರೆದು, ಸೀಮೆಸುಣ್ಣ ಹಚ್ಚಿ, ಒತ್ತಿ ತಿರುಗಿಸಿದಿರಿ. ನಿಂತೇಬಿಟ್ಟಿತು!

ದುಡ್ಡಿನ ಮಾತೆತ್ತಿದರೆ ನಕ್ಕು ಹೊರಟಿರಿ. ಉಳಿದ ಬಿರಡೆಗಳನ್ನೂ ಹಾಗೆಯೇ ಕೂರಿಸಿದ್ದೇನೆ. ಇನ್ನೊಮ್ಮೆ ಸಿಕ್ಕರೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಎತ್ತರವನ್ನೂ ಕೇಳುವುದಿದೆ.