ಚೀಟಿ ಬರೆದಿಟ್ಟು ಹೋದವರಿಗೆ

ನಾಯಿಯ ಜೊತೆ ಅದು ದಿನವೂ ತಿನ್ನುತ್ತಿದ್ದ ಆಹಾರ, ಒಗೆಯದ ಹಳೇ ಹೊದಿಕೆ, ಒಂದು ಚೀಟಿ ಇಟ್ಟು ಹೋದವರೇ, ನೀವು ಯಾರೆಂದು ನಮಗೆ ಗೊತ್ತಿಲ್ಲ. ತುಂಬು ಮನಸ್ಸಿನ ಧನ್ಯವಾದಗಳು.

ಜಾಗ ಬದಲಾದ ದಿನವೇ ಊಟವೂ ಬದಲಾದರೆ ಬೆಳೆದ ನಾಯಿಗೂ ಭೇದಿ ಹತ್ತುತ್ತದೆ. ಆಗ ಕಾರಣ ಆಹಾರವೋ ಜಂತುಹುಳುವೋ ಎಂದು ಹೇಳುವುದು ಕಷ್ಟ. ನೀವಿಟ್ಟ ಆಹಾರಕ್ಕೆ ಮೊದಲೆರಡು ದಿನ ಕಾಲು ಭಾಗ ಹೊಸದು, ಮತ್ತೆರಡು ದಿನ ಅರ್ಧ, ಆಮೇಲೆ ಮುಕ್ಕಾಲು ಬೆರೆಸಿ, 7 ದಿನಕ್ಕೆ ಪೂರ್ತಿ ಬದಲಾಯಿಸಿದೆವು. ಹೊಟ್ಟೆ ಕೆಡಲಿಲ್ಲ. ಹೊದಿಕೆಯನ್ನು ಒಗೆಯದೆ ಕೊಟ್ಟದ್ದೇ ಸರಿ, ಗುರುತಿನ ವಾಸನೆ ಉಳಿಯಿತು.

ಚೀಟಿಯಲ್ಲಿ ರೇಬೀಸ್ ಲಸಿಕೆಯ ದಿನಾಂಕ ಇತ್ತು. ಅದಕ್ಕಿಂತ ದೊಡ್ಡ ಉಪಕಾರ ಕೆಳಗಿನ ಸಾಲು: ‘ಊಟ ಮಾಡುವಾಗ ಹತ್ತಿರ ಹೋದರೆ ಗುರುಗುಟ್ಟುತ್ತದೆ.’ ಎಷ್ಟೋ ಜನ ಇದನ್ನು ಮುಚ್ಚಿಡುತ್ತಾರೆ. ಗುರುಗುಟ್ಟಿದ್ದಕ್ಕೆ ಗದರಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ನಿಲ್ಲುತ್ತದೆ. ಮುಂದೆ ನೇರವಾಗಿ ಕಚ್ಚಬಹುದು. ಹಾಗಾಗಿ ತಟ್ಟೆಗೆ ಕೈ ಹಾಕದೆ, ದೂರದಿಂದಲೇ ಹಾದುಹೋಗುತ್ತಾ ಬೇಯಿಸಿದ ಕೋಳಿಯ ಚೂರೊಂದನ್ನು ಎಸೆಯುತ್ತಾ ಬಂದೆವು. ಮೈ ಬಿಗಿಯದೆ, ಅವಸರದಿಂದ ನುಂಗದೆ ಇದ್ದರೆ ಮಾತ್ರ ಮರುದಿನ ಒಂದು ಹೆಜ್ಜೆ ಹತ್ತಿರ. ಈಗ ಹೆಜ್ಜೆ ಸದ್ದಿಗೆ ತಟ್ಟೆಯಿಂದ ಮುಖವೆತ್ತಿ ಬಾಲ ಆಡಿಸುತ್ತದೆ.

ಇದಕ್ಕೆ ಶಾಶ್ವತ ಮನೆ ಹುಡುಕುತ್ತಿದ್ದೇವೆ. ಪುಟ್ಟ ಮಕ್ಕಳಿಲ್ಲದ, ಊಟದ ಹೊತ್ತಿನಲ್ಲಿ ಅದರ ಪಾಡಿಗೆ ಬಿಡುವ ಮನೆಯಾಗಬೇಕು. ಕರೆದೊಯ್ಯುವವರ ಕೈಗೆ ನಿಮ್ಮ ಚೀಟಿಯನ್ನೂ ಕೊಡುತ್ತೇವೆ.